ಮೂರು ಸಲ ಹೇಳಿದ ಮಾತು

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಇಳಿಯಿತು. ಆದರೆ ನಿಲ್ಲಲಾಗಲಿಲ್ಲ. ಗುಡ್ಡದ ನೆತ್ತಿಯ ಮೇಲಿನ ಆ ರನ್‌ವೇಯನ್ನು ದಾಟಿ ಕೆಳಗಿನ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಬದುಕಿದರು. ಗಲ್ಫ್‌ನಲ್ಲಿ ದುಡಿಯುವ ಮಗನೋ ಅಳಿಯನೋ ಇರುವ ಮನೆಗಳು ಕರಾವಳಿಯ ಊರೂರಲ್ಲಿವೆ. ಆ ಬೆಳಗನ್ನು ಅಲ್ಲಿ ಯಾರೂ ಮರೆತಿಲ್ಲ.

ತನಿಖಾ ವರದಿ ಹೊರಬಂದಾಗ ತಿಳಿದದ್ದು ಇಷ್ಟು. ವಿಮಾನದಲ್ಲಿ ಅಪಘಾತಕ್ಕೆ ಕಾರಣವಾಗುವ ಯಂತ್ರದೋಷವಿರಲಿಲ್ಲ. ಹವಾಮಾನವೂ ಅಡ್ಡಿಯಾಗಿರಲಿಲ್ಲ. ಕಾಕ್‌ಪಿಟ್‌ನ ಧ್ವನಿಮುದ್ರಣ ಎರಡು ಗಂಟೆ ಐದು ನಿಮಿಷದ್ದು. ಅದರ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಎದ್ದ ಮೇಲೂ ಮಂಪರು ಪೂರ್ತಿ ಹರಿದಿರಲಿಲ್ಲ. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಪಕ್ಕದಲ್ಲಿದ್ದ ಸಹಪೈಲಟ್ ಅದನ್ನು ಗಮನಿಸಿದರು. ‘ಗೋ ಅರೌಂಡ್’ ಎಂದರು, ಅಂದರೆ ಇಳಿಯುವುದು ಬೇಡ, ಮೇಲಕ್ಕೆತ್ತಿ ಇನ್ನೊಂದು ಸುತ್ತು ಬರೋಣ ಎಂದು. ಆ ಮಾತನ್ನು ಅವರು ಒಟ್ಟು ಮೂರು ಸಲ ಹೇಳಿದರು. ನೆಲ ಹತ್ತಿರವಾಗುತ್ತಿದೆಯೆಂದು ಯಂತ್ರವೂ ಎಚ್ಚರಿಸುತ್ತಿತ್ತು. ಕ್ಯಾಪ್ಟನ್ ಇಳಿಸಿಯೇಬಿಟ್ಟರು.

ವರದಿಯ ಇನ್ನೊಂದು ಅಂಶದ ಮುಂದೆ ನಾನು ಹಲವು ಸಲ ನಿಂತಿದ್ದೇನೆ. ಸಹಪೈಲಟ್ ಮತ್ತೆ ಮತ್ತೆ ಹೇಳಿದರೂ ವಿಮಾನದ ಹಿಡಿತವನ್ನು ತಾವೇ ತೆಗೆದುಕೊಳ್ಳಲಿಲ್ಲ. ಹಾಗೆ ಮಾಡುವ ಅಧಿಕಾರ ಅವರಿಗಿದೆಯೇ ಎಂಬ ಬಗ್ಗೆ ನಿಯಮಗಳಲ್ಲಿದ್ದ ಅಸ್ಪಷ್ಟತೆ ಅದಕ್ಕೆ ಕಾರಣವಾಗಿರಬಹುದು ಎನ್ನುತ್ತದೆ ವರದಿ. ಅಪಾಯ ಒಬ್ಬರಿಗೆ ಕಂಡಿತ್ತು. ಅವರು ಬಾಯಿಬಿಟ್ಟು ಹೇಳಿಯೂ ಇದ್ದರು. ಕಂಡದ್ದಕ್ಕೂ ಮಾಡಿದ್ದಕ್ಕೂ ನಡುವೆ ಇದ್ದದ್ದು ಒಂದು ಹುದ್ದೆಯ ಅಂತರ.

ನಾಯಕತ್ವ, ತಂಡದ ಕೆಲಸ ಎಂಬ ಮಾತು ಬಂದಾಗಲೆಲ್ಲ ನಮ್ಮ ಕಚೇರಿಗಳ ತರಬೇತಿಗಳು ನಾಯಕ ಹೇಗೆ ಮಾತಾಡಬೇಕು, ಹೇಗೆ ಹುರಿದುಂಬಿಸಬೇಕು ಎಂಬಲ್ಲಿಂದ ಶುರುವಾಗುತ್ತವೆ. ಕಳೆದ ಐವತ್ತು ವರ್ಷಗಳಲ್ಲಿ ವಿಮಾನಯಾನ ಮತ್ತು ವೈದ್ಯಕೀಯ ಕ್ಷೇತ್ರಗಳಲ್ಲಿ ನಡೆದ ಅಧ್ಯಯನಗಳು ತೋರಿಸುವ ದಿಕ್ಕು ಬೇರೆ. ತಂಡದ ಅತಿ ಕಿರಿಯ ವ್ಯಕ್ತಿಯ ಮಾತು ಮೇಲಿನವರನ್ನು ಎಷ್ಟು ಬೇಗ, ಎಷ್ಟು ಸವೆಯದೆ ತಲುಪುತ್ತದೆ ಎಂಬುದರಲ್ಲಿ ತಂಡದ ಬಲವಿದೆ. ಆ ದಾರಿಯನ್ನು ಕಟ್ಟುವುದೇ ನಾಯಕನ ಮೊದಲ ಕೆಲಸ ಎಂದು ನಾನು ನಂಬುತ್ತೇನೆ. ಅದು ಹುಟ್ಟುಗುಣವಲ್ಲ, ಕಲಿಯಬಹುದಾದ ಕಸುಬು.

ಕಲಿಕೆ ಶುರುವಾದದ್ದು ಸಾವುಗಳಿಂದ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರೀಫ್ ದ್ವೀಪದಲ್ಲಿ ದಟ್ಟ ಮಂಜಿನ ನಡುವೆ ಎರಡು ಜಂಬೋ ಜೆಟ್‌ಗಳು ರನ್‌ವೇ ಮೇಲೆಯೇ ಡಿಕ್ಕಿ ಹೊಡೆದು 583 ಜನ ಸತ್ತರು. ಹಾರಲು ಹೊರಟಿದ್ದ ಡಚ್ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದಿತ್ತು. ಇನ್ನೊಂದು ವಿಮಾನ ದಾರಿ ಬಿಟ್ಟಿಲ್ಲವೇನೋ ಎಂದು ಕೇಳಿದರು. ಕ್ಯಾಪ್ಟನ್, ಆ ಕಂಪನಿಯ ಪೈಲಟ್‌ಗಳಿಗೆ ಪಾಠ ಹೇಳುವ ಹಿರಿಯರು, ಬಿಟ್ಟಿದೆ ಎಂದು ದೃಢವಾಗಿ ಹೇಳಿದರು. ಎಂಜಿನಿಯರ್ ಮತ್ತೆ ಕೇಳಲಿಲ್ಲ.

ಮರುವರ್ಷ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲೆಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್‌ನ ವಿಮಾನವೊಂದು ಚಕ್ರಗಳು ಸರಿಯಾಗಿ ಇಳಿದಿವೆಯೋ ಇಲ್ಲವೋ ಎಂಬ ಗೊಂದಲದಲ್ಲಿ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತಿತು. ಕ್ಯಾಪ್ಟನ್ ಗಮನವೆಲ್ಲ ಚಕ್ರದ ಮೇಲೆ, ಪ್ರಯಾಣಿಕರನ್ನು ಸಿದ್ಧಗೊಳಿಸುವುದರ ಮೇಲೆ. ಇಂಧನ ಇಳಿಯುತ್ತಿದೆ ಎಂಬ ಮಾತು ಜೊತೆಯವರ ಬಾಯಲ್ಲಿ ಬಂದೇ ಇತ್ತು, ಆದರೆ ಅದು ಮಾಹಿತಿಯ ಧಾಟಿಯಲ್ಲಿತ್ತು, ಎಚ್ಚರಿಕೆಯ ಧಾಟಿಯಲ್ಲಿರಲಿಲ್ಲ. ಕೊನೆಗೆ ಎಂಜಿನ್‌ಗಳು ಒಂದೊಂದಾಗಿ ಆರಿದವು. ವಿಮಾನ ಮರಗಳ ನಡುವೆ ಬಿದ್ದು 189 ಜನರಲ್ಲಿ 10 ಮಂದಿ ಸತ್ತರು.

ಈ ಅಪಘಾತಗಳಾದ ಮೇಲೆ 1979ರಲ್ಲಿ ನಾಸಾ ಸಂಸ್ಥೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಕಾರ್ಯಾಗಾರ ನಡೆಸಿತು. ಅದರಿಂದ ಹುಟ್ಟಿದ್ದು ‘ಕಾಕ್‌ಪಿಟ್ ರಿಸೋರ್ಸ್ ಮ್ಯಾನೇಜ್‌ಮೆಂಟ್’ ಎಂಬ ತರಬೇತಿ. ಮುಂದೆ ಗಗನಸಖಿಯರನ್ನೂ ಇತರರನ್ನೂ ಒಳಗೊಂಡು ‘ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್’ ಆಯಿತು. ಹೆಸರು ದೊಡ್ಡದಾದರೂ ತಿರುಳು ಸರಳ: ಕ್ಯಾಪ್ಟನ್ ಕೇಳಬೇಕು, ಉಳಿದವರು ಹೇಳಬೇಕು, ಎರಡನ್ನೂ ವಿಮಾನ ಹಾರಿಸುವುದನ್ನು ಕಲಿತಂತೆಯೇ ಅಭ್ಯಾಸ ಮಾಡಿ ಕಲಿಯಬೇಕು.

ಹೇಳುವುದರಲ್ಲಿ ಕಲಿಯುವಂಥದ್ದೇನಿದೆ? ಭಾಷಾವಿಜ್ಞಾನಿ ಷಾರ್ಲಟ್ ಲಿಂಡೆ ಕಾಕ್‌ಪಿಟ್ ಸಂಭಾಷಣೆಗಳ ಬರಹರೂಪವನ್ನು ಸಾಲುಸಾಲಾಗಿ ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರವಿದೆ. ಕಿರಿಯರು ಹಿರಿಯರೊಡನೆ ಮಾತಾಡುವಾಗ ಮಾತನ್ನು ಮೆದುಗೊಳಿಸುತ್ತಾರೆ. ಹೀಗೆ ಮೆದುಗೊಳಿಸಿದ ಮಾತು ಕೇಳುವವರ ಗಮನಕ್ಕೆ ಬಾರದೆ ಬಿದ್ದುಹೋಗುವ ಸಂಭವ ಹೆಚ್ಚು.

ಕನ್ನಡ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಇನ್ನೊಂದ್ಸಲ ನೋಡಿದ್ರೆ ಒಳ್ಳೇದೇನೋ ಸಾರ್’ ಎಂಬ ಮಾತಿನಲ್ಲಿ ‘ಏನೋ’ ಎಂಬ ಎರಡಕ್ಷರ ಮಾಡುವ ಕೆಲಸ ನೋಡಿ. ಹೇಳಿದವರಿಗೆ ಲೆಕ್ಕ ತಪ್ಪಿದೆ ಎಂಬುದು ಖಚಿತವಾಗಿ ಗೊತ್ತಿದೆ. ಕೇಳಿದವರಿಗೆ ತಲುಪುವುದು ಒಂದು ಅನುಮಾನ ಮಾತ್ರ. ‘ಅನ್ಸುತ್ತೆ’, ‘ಇರಬಹುದಾ’, ‘ನಂಗೊತ್ತಿಲ್ಲ, ಸುಮ್ನೆ ಕೇಳ್ದೆ’, ‘ಬೇಜಾರ್ ಮಾಡ್ಕೋಬೇಡಿ ಮೇಡಂ’ — ಹೀಗೆ ಮಾತಿನ ಮೊನೆ ಮುರಿಯುವ ಸಾಧನಗಳು ನಮ್ಮ ನುಡಿಯಲ್ಲಿ ಬೇಕಾದಷ್ಟಿವೆ. ಹಿರಿಯರು ಒಂದು ಹೇಳಿದ ಮೇಲೆ ಇನ್ನೊಂದು ಹೇಳುವುದಕ್ಕೆ ನಮ್ಮಲ್ಲಿರುವ ಪದವೇ ‘ಎದುರುಮಾತು’. ಮನೆಯಲ್ಲಿ ಮಗುವಿಗೆ ಬೇಡವೆಂದು ಕಲಿಸಿದ್ದನ್ನೇ ಇಪ್ಪತ್ತು ವರ್ಷಗಳ ನಂತರ ಕಚೇರಿಯಲ್ಲಿ ಬೇಕೆಂದು ನಿರೀಕ್ಷಿಸುತ್ತೇವೆ.

ಇದಕ್ಕೆ ವಿಮಾನಯಾನ ಕಂಡುಕೊಂಡ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು, ಏಕೆಂದರೆ ಅದು ಮರ್ಯಾದೆಯನ್ನು ಬಿಡು ಎನ್ನುವುದಿಲ್ಲ. ಮಾತನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಲು ಕಲಿಸುತ್ತದೆ. ಮೊದಲು ಕೇಳು: ‘ಸಾರ್, ಎತ್ತರ ಜಾಸ್ತಿ ಇದೆ, ಗಮನಿಸಿದಿರಾ?’ ಉತ್ತರವಿಲ್ಲದಿದ್ದರೆ ಎಚ್ಚರಿಸು: ‘ಸಾರ್, ಹೀಗೇ ಹೋದರೆ ರನ್‌ವೇ ಸಾಲುವುದಿಲ್ಲ.’ ಆಮೇಲೆ ತಡೆ: ‘ಸಾರ್, ಇಳಿಸಬೇಡಿ, ಮೇಲಕ್ಕೆತ್ತಿ.’ ಅದಕ್ಕೂ ಉತ್ತರ ಬಾರದಿದ್ದರೆ: ‘ಸಾರ್, ನಾನು ತೆಗೆದುಕೊಳ್ಳುತ್ತಿದ್ದೇನೆ.’ ನಾಲ್ಕು ಮೆಟ್ಟಿಲಲ್ಲೂ ‘ಸಾರ್’ ಉಳಿದಿದೆ. ಉದುರಿಹೋದದ್ದು ‘ಏನೋ’ ಮಾತ್ರ. ಯಾವ ಮೆಟ್ಟಿಲಿನ ನಂತರ ಯಾವುದು ಎಂದು ಇಬ್ಬರಿಗೂ ಮೊದಲೇ ಗೊತ್ತಿರುವುದರಿಂದ ಹೇಳಿದವರಿಗೆ ಹೆದರಿಕೆಯಿಲ್ಲ, ಕೇಳಿದವರಿಗೆ ಅವಮಾನವಿಲ್ಲ.

ಈ ತರಬೇತಿಯ ಫಲ ಕಂಡದ್ದು 1989ರ ಜುಲೈ 19ರಂದು. ಅಮೆರಿಕದ ಅಯೋವಾ ರಾಜ್ಯದ ಮೇಲೆ ಹಾರುತ್ತಿದ್ದ ಯುನೈಟೆಡ್ 232ರ ಬಾಲದ ಎಂಜಿನ್ ಸಿಡಿಯಿತು. ಚೂರುಗಳು ತಗಲಿ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಬರಿದಾದವು. ಅಂದರೆ ವಿಮಾನವನ್ನು ಎಡಬಲ ತಿರುಗಿಸಲು, ಏರಿಸಿ ಇಳಿಸಲು ಇದ್ದ ಯಾವ ಸಾಧನವೂ ಉಳಿಯಲಿಲ್ಲ. ಇಂಥ ಸ್ಥಿತಿಗೆ ಕೈಪಿಡಿಯಲ್ಲಿ ಉತ್ತರವೇ ಇರಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್‌ಗೆ ಹಾರಾಟದಲ್ಲಿ ಮೂರು ದಶಕಗಳ ಅನುಭವವಿತ್ತು. ಆದರೆ ಇದು ತನಗೆ ಗೊತ್ತಿಲ್ಲದ ಸಂಗತಿ ಎಂದು ಅವರು ಬೇಗನೆ ಒಪ್ಪಿಕೊಂಡರು. ಪ್ರಯಾಣಿಕರ ಸೀಟಿನಲ್ಲಿ ಡೆನ್ನಿಸ್ ಫಿಚ್ ಎಂಬ, ಪೈಲಟ್‌ಗಳಿಗೆ ತರಬೇತಿ ಕೊಡುವ ಪೈಲಟ್ ಇದ್ದಾರೆಂದು ತಿಳಿದಾಗ ಅವರನ್ನು ಒಳಗೆ ಕರೆಸಿದರು. ಉಳಿದಿದ್ದ ಎರಡು ಎಂಜಿನ್‌ಗಳ ವೇಗವನ್ನು ಹೆಚ್ಚುಕಡಿಮೆ ಮಾಡಿಯೇ ವಿಮಾನವನ್ನು ತಿರುಗಿಸಬೇಕಿತ್ತು. ಎರಡು ಆಸನಗಳ ನಡುವಿನಿಂದ ಫಿಚ್ ಎರಡು ಥ್ರಾಟಲ್‌ಗಳನ್ನು ಎರಡು ಕೈಯಲ್ಲಿ ಹಿಡಿದರು. ಹೇನ್ಸ್ ಹೇಳುತ್ತಿದ್ದರು, ಕೇಳುತ್ತಿದ್ದರು. ಸುಮಾರು ಮುಕ್ಕಾಲು ಗಂಟೆ ನಾಲ್ವರೂ ಹೀಗೆ ದುಡಿದು ವಿಮಾನವನ್ನು ಸೂ ಸಿಟಿಯ ರನ್‌ವೇಗೆ ತಂದರು. ನೆಲ ಮುಟ್ಟುವಾಗ ಅದು ಮುರಿದು ಉರುಳಿತು. 112 ಜನ ಸತ್ತರು. ಆದರೆ 184 ಜನ ಬದುಕಿದರು. ಅಪಘಾತದ ಬಳಿಕ ಅದೇ ಸ್ಥಿತಿಯನ್ನು ಸಿಮ್ಯುಲೇಟರ್‌ನಲ್ಲಿ ಮರುಸೃಷ್ಟಿಸಿ ನೋಡಿದಾಗ, ವಿಮಾನವನ್ನು ಹಾಗೆ ಸುರಕ್ಷಿತವಾಗಿ ಇಳಿಸುವುದು ತರಬೇತಿಯಿಂದಲೂ ಸಾಧ್ಯವಾಗದ ಕೆಲಸವೆಂದು ತಜ್ಞರು ಕಂಡುಕೊಂಡರು.

ಕಾಕ್‌ಪಿಟ್‌ನಲ್ಲಿ ಒಟ್ಟು 103 ವರ್ಷಗಳ ಹಾರಾಟದ ಅನುಭವವಿತ್ತು, ಆದರೆ ಇಂಥ ವಿಮಾನವನ್ನು ಇಳಿಸಿದ ಅನುಭವ ಯಾರಿಗೂ ಒಂದು ನಿಮಿಷದ್ದೂ ಇರಲಿಲ್ಲ; ಹೀಗಿರುವಾಗ ಉಳಿದ ಮೂವರಿಗಿಂತ ನನಗೇ ಹೆಚ್ಚು ಗೊತ್ತಿರುವುದು ಹೇಗೆ ಎಂದು ಹೇನ್ಸ್ ಆಮೇಲೆ ತಮ್ಮ ಭಾಷಣಗಳಲ್ಲಿ ಕೇಳುತ್ತಿದ್ದರು. ಅವರ ದೃಷ್ಟಿಯಲ್ಲಿ ಆ ದಿನ ಕೈಹಿಡಿದದ್ದು ಕಂಪನಿಯಲ್ಲಿ ಕಲಿತಿದ್ದ ಆ ತರಬೇತಿ.

ಆಸ್ಪತ್ರೆಗಳಿಗೆ ಈ ಅರಿವು ಬಂದದ್ದು ಒಂದು ಲೆಕ್ಕ ತಲೆಕೆಳಗಾದದ್ದರಿಂದ. 1990ರ ದಶಕದಲ್ಲಿ ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಎಂಟು ವಾರ್ಡ್‌ಗಳ ತಂಡಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳು ಕಡಿಮೆಯಿರಬೇಕು ಎಂಬುದು ಅವರ ಊಹೆ. ಅಂಕಿಗಳು ತೋರಿಸಿದ್ದು ಹೆಚ್ಚು ಎಂದು. ಹತ್ತಿರದಿಂದ ನೋಡಿದಾಗ ಗುಟ್ಟು ತಿಳಿಯಿತು. ಒಳ್ಳೆಯ ತಂಡಗಳಲ್ಲಿ ನರ್ಸ್‌ಗಳು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. ಬೈಗುಳದ ಭಯವಿದ್ದ ವಾರ್ಡ್‌ಗಳಲ್ಲಿ ತಪ್ಪುಗಳು ದಾಖಲೆಗೇ ಬರುತ್ತಿರಲಿಲ್ಲ. ‘ಇಲ್ಲಿ ಕೇಳಿದರೆ, ತಪ್ಪೊಪ್ಪಿಕೊಂಡರೆ ನನ್ನನ್ನು ಹೀಗಳೆಯುವುದಿಲ್ಲ’ ಎಂಬ ತಂಡದ ನಂಬಿಕೆಗೆ ಅವರು 1999ರ ಪ್ರಬಂಧದಲ್ಲಿ ಮಾನಸಿಕ ಸುರಕ್ಷತೆ ಎಂಬ ಹೆಸರು ಬಳಸಿದರು. ‘ನಮ್ಮಲ್ಲಿ ಈ ವರ್ಷ ಒಂದೂ ದೂರಿಲ್ಲ’ ಎಂದು ಹೆಮ್ಮೆಪಡುವ ಪ್ರತಿ ವಿಭಾಗವನ್ನೂ ಈ ಅಧ್ಯಯನದ ಬೆಳಕಿನಲ್ಲಿ ಮತ್ತೊಮ್ಮೆ ನೋಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟ್ ಕೂಡ ಇದೇ ದಾರಿಯಲ್ಲಿ ಬಂದದ್ದು. 19 ಅಂಶಗಳ ಆ ಪಟ್ಟಿಯಲ್ಲಿ ಒಂದು, ಚಾಕು ಹಿಡಿಯುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಪಾತ್ರ ಹೇಳಿಕೊಳ್ಳಬೇಕು ಎಂಬುದು. ಹೆಸರು ಹೇಳಲು ಒಮ್ಮೆ ಬಾಯಿತೆರೆದವರಿಗೆ ನಡುವೆ ‘ಡಾಕ್ಟ್ರೇ, ತಾಳಿ’ ಎನ್ನುವುದು ಸುಲಭವಾಗುತ್ತದೆ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಪ್ರಯೋಗಿಸಿದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿದಿತ್ತು. ಅಮೆರಿಕದ ಪೀಟರ್ ಪ್ರೊನೊವೋಸ್ಟ್ ತೀವ್ರ ನಿಗಾ ಘಟಕಗಳಲ್ಲಿ ಸೋಂಕು ತಡೆಯಲು ಐದು ಹಂತಗಳ ಪಟ್ಟಿ ಮಾಡಿದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ವೈದ್ಯರು ಒಂದು ಹಂತ ಬಿಟ್ಟರೂ ಅವರನ್ನು ತಡೆಯುವ ಅಧಿಕಾರವನ್ನು ನರ್ಸ್‌ಗಳಿಗೆ ಮೊದಲೇ ಕೊಡಿಸಿದರು. ಬಜ್ಪೆಯಲ್ಲಿ ಅಸ್ಪಷ್ಟವಾಗಿದ್ದದ್ದು ಇದೇ ಅಧಿಕಾರ. ಬಿಡದಿಯಲ್ಲಿಯೂ ಕಾರ್ಖಾನೆ ಹೊಂದಿರುವ ಟೊಯೊಟಾದ ಉತ್ಪಾದನಾ ಪದ್ಧತಿ ಇದನ್ನು ಒಂದು ಹಗ್ಗದ ರೂಪದಲ್ಲಿ ಇಟ್ಟಿದೆ. ದೋಷ ಕಂಡ ಕಾರ್ಮಿಕ ಯಾರೇ ಆಗಿರಲಿ, ಅದನ್ನು ಎಳೆದು ಕೆಲಸ ನಿಲ್ಲಿಸಬಹುದು. ಮೇಲಿನವರು ಓಡಿಬರುವುದು ಏನಾಯಿತೆಂದು ನೋಡಿ ನೆರವಾಗಲು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 2010ರ ಹೊತ್ತಿಗೆ ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಭಾರತದ ಪೈಲಟ್‌ಗಳಿಗೆ ಹೊಸದೇನೂ ಆಗಿರಲಿಲ್ಲ. ತರಗತಿಯಲ್ಲಿ ಕೂತು ಹಾಜರಿ ಹಾಕಿಸಿಕೊಂಡ ಪಾಠ, ನೆಲ ಮೇಲೆದ್ದು ಬರುತ್ತಿರುವ ಹೊತ್ತಿನಲ್ಲಿ ಕೈಗೆ ಬರುವುದಿಲ್ಲ. ಅದು ದಿನದಿನದ ಸಣ್ಣ ಕೆಲಸಗಳಲ್ಲಿ ರೂಢಿಯಾಗಬೇಕು. ಮೀಟಿಂಗ್‌ನಲ್ಲಿ ಹಿರಿಯರು ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳುವುದು, ತಪ್ಪು ತೋರಿಸಿದವರಿಗೆ ಎಲ್ಲರ ಮುಂದೆ ಧನ್ಯವಾದ ಹೇಳುವುದು, ಯಾವ ಕೆಲಸವನ್ನು ಯಾರು ಯಾವಾಗ ನಿಲ್ಲಿಸಬಹುದೆಂದು ಬರೆದಿಡುವುದು, ಇವಕ್ಕೆ ಖರ್ಚಿಲ್ಲ. ‘ಏನಾದ್ರೂ ಹೇಳೋದಿದ್ಯಾ?’ ಎಂದು ಎದ್ದುನಿಂತು ಕೇಳಿದರೆ ‘ಇಲ್ಲ ಸಾರ್’ ಎಂಬುದೇ ಉತ್ತರ. ಪ್ರಶ್ನೆಯ ರೂಪ ಬದಲಾಗಬೇಕು.

ನಿಮ್ಮ ಕೈಕೆಳಗೆ ನಾಲ್ಕು ಜನ ಕೆಲಸ ಮಾಡುತ್ತಿದ್ದರೂ ಸಾಕು, ಮುಂದಿನ ಸಲ ಎಲ್ಲರೂ ಕೂತಾಗ ಅವರಲ್ಲಿ ಅತಿ ಕಿರಿಯರನ್ನು ಹೆಸರು ಹಿಡಿದು ಕೇಳಿ: ‘ನಾನು ನೋಡದೆ ಬಿಟ್ಟದ್ದು ಏನು?’ ಕೇಳಿದ ಮೇಲೆ ಉತ್ತರ ಬರುವವರೆಗೆ ದಯವಿಟ್ಟು ಸುಮ್ಮನಿರಿ.