ಅಂಗಳದ ದೊಡ್ಡ ಕೊಡೆ

ಕೊಡೆಯೆಂದೊಡನೆ ಮಳೆಗಾಲದಲ್ಲಿ ನಾವು ಹಿಡಿದು ನಡೆಯುವ ಕೈಗೊಡೆಯ ನೆನಪಾಗುವುದು ಸಹಜ. ಉತ್ಸವದ ಸತ್ತಿಗೆಯೂ ಅದರ ಹಿರಿಯಣ್ಣನೇ. ಇವೆರಡಕ್ಕೂ ಹಿಡಿಯುವ ಕೈಯೊಂದಿರುತ್ತದೆ. ಗಾಳಿ ಬಂದತ್ತ ಆ ಕೈ ತಾನಾಗಿಯೇ ಕೊಡೆಯನ್ನು ಬಾಗಿಸುತ್ತದೆ, ಅಗತ್ಯಬಿದ್ದರೆ ಮಡಿಚುತ್ತದೆ. ಅಂಗಳದಲ್ಲಿ ಒಂಟಿಯಾಗಿ ನಿಲ್ಲುವ ದೊಡ್ಡ ಕೊಡೆಗೆ ಆ ಕೈಯಿಲ್ಲ. ಆದುದರಿಂದ ಅದನ್ನು ಮನೆಯಲ್ಲಿಯೇ ತಯಾರಿಸಹೊರಟವರು ಬಟ್ಟೆಗಿಂತ ಮೊದಲು ಬುಡವನ್ನು ಕುರಿತು ಯೋಚಿಸತಕ್ಕದ್ದು.

ನಾನು ಹಾಗೆ ಮಾಡಲಿಲ್ಲ. ನನ್ನ ಮೊದಲ ಕೊಡೆಯನ್ನು ಮಣ್ಣು ತುಂಬಿದ ತಗಡಿನ ಡಬ್ಬದಲ್ಲಿ ನಿಲ್ಲಿಸಿದ್ದೆ. ವೈಶಾಖದ ಒಂದು ಸಂಜೆ ಮಳೆಗೆ ಮುಂಚಿನ ಬಿರುಗಾಳಿ ಎದ್ದಾಗ ಅದು ಡಬ್ಬದ ಸಮೇತ ಉರುಳಿತು. ಅದರ ನೆರಳಿನಲ್ಲಿ ಕುಳಿತು ಓದುತ್ತಿದ್ದ ನೆರೆಮನೆಯ ಹುಡುಗ ನೀರು ಕುಡಿಯಲೆಂದು ಎದ್ದುಹೋಗಿ ಎರಡು ನಿಮಿಷವೂ ಆಗಿರಲಿಲ್ಲ.

ಗಂಟೆಗೆ 40 ಕಿ.ಮೀ. ವೇಗದ ಗಾಳಿಯು ತನಗೆ ಎದುರಾದ ಪ್ರತಿ ಚದರ ಮೀಟರನ್ನು ಸುಮಾರು ಏಳೂವರೆ ಕಿಲೋ ಭಾರದಷ್ಟು ಬಲದಿಂದ ಒತ್ತುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆ. ಇಲ್ಲಿ ವಿವರಿಸುವ ಕೊಡೆಯ ಅಗಲ 2.4 ಮೀಟರ್, ವಿಸ್ತೀರ್ಣ ನಾಲ್ಕು ಚದರ ಮೀಟರಿಗೆ ತುಸು ಹೆಚ್ಚು. ಅದು ಒಂದಿಷ್ಟು ವಾಲಿ, ಗಾಳಿ ಅದರ ಒಡಲನ್ನು ಪೂರ್ತಿಯಾಗಿ ಹಿಡಿದರೆ 30 ಕಿಲೋ ಭಾರದ ಸೆಳೆತ. ಅದೂ ಎರಡು ಮೀಟರ್ ಉದ್ದದ ಸನ್ನೆಗೋಲಿನ ತುದಿಯಲ್ಲಿ. ಡಬ್ಬ ನಿಲ್ಲುವುದಾದರೂ ಹೇಗೆ?

ಬುಡವು ಭಾರವಾಗಿದ್ದರಷ್ಟೇ ಸಾಲದು, ಅಗಲವಾಗಿಯೂ ಇರಬೇಕು. 75 ಸೆಂ.ಮೀ. ಚೌಕದ, 8 ಸೆಂ.ಮೀ. ದಪ್ಪದ ಕಾಂಕ್ರೀಟ್ ಹಲಗೆಯನ್ನೂ ಅದರ ನಡುವೆ 25 ಸೆಂ.ಮೀ. ಚೌಕದ, 20 ಸೆಂ.ಮೀ. ಎತ್ತರದ ಗಡ್ಡೆಯನ್ನೂ ಒಟ್ಟಿಗೆ ಎರಕ ಹೊಯ್ದರೆ ಹೆಚ್ಚುಕಡಿಮೆ 140 ಕಿಲೋ ತೂಗುತ್ತದೆ. ಇಷ್ಟೇ ಕಾಂಕ್ರೀಟನ್ನು ಘನಾಕಾರದ ದಿಮ್ಮಿಯಾಗಿ ಹೊಯ್ದರೆ ಅದರ ಅಂಚು ಕಂಬದಿಂದ 19 ಸೆಂ.ಮೀ. ದೂರದಲ್ಲಿರುತ್ತದೆ, ಹಲಗೆಯಲ್ಲಾದರೆ 37 ಸೆಂ.ಮೀ. ತೂಕ ಅದೇ, ಉರುಳದೆ ನಿಲ್ಲುವ ಶಕ್ತಿ ಮಾತ್ರ ಸುಮಾರು ಎರಡರಷ್ಟು. ಸಿಮೆಂಟು, ಮರಳು, ಜಲ್ಲಿಗಳು 1:2:4ರ ಪ್ರಮಾಣದಲ್ಲಿರಲಿ. ಹಲಗೆ ತೆಳುವಾದುದರಿಂದ ಒಳಗೆ ಕಬ್ಬಿಣದ ಸರಳುಗಳನ್ನು ಅಡ್ಡಡ್ಡ ಹೆಣೆದಿಡುವುದು ಅವಶ್ಯ. ನಡುವಿನ ಗಡ್ಡೆಯಲ್ಲಿ ಎರಡಿಂಚಿನ ಜಿ.ಐ. ಪೈಪಿನ ಅರ್ಧ ಮೀಟರ್ ತುಂಡನ್ನು ನೆಟ್ಟಗೆ ಹೂಳಬೇಕು. ಮಳೆಯ ನೀರು ಒಳಗೆ ನಿಂತು ತುಕ್ಕು ಹಿಡಿಯದಂತೆ ಅದರ ಕೆಳಬಾಯಿಯನ್ನು ತೆರೆದೇ ಬಿಡಬೇಕು. ಹತ್ತು ದಿನ ನೀರುಣಿಸಿದ ಮೇಲೆಯೇ ಇದನ್ನು ಬಳಸತಕ್ಕದ್ದು.

ಒಂದೂವರೆ ಇಂಚಿನ ಪೈಪೇ ಕಂಬ. ಅದು ಬುಡದ ಪೈಪಿನೊಳಗೆ ಸಲೀಸಾಗಿ ಇಳಿಯುತ್ತದೆ. ಎರಡಕ್ಕೂ ಅಡ್ಡಲಾಗಿ ಒಂದು ಬೋಲ್ಟು ಹಾಕುವುದನ್ನು ಮರೆಯಬಾರದು. ಗಾಳಿ ಕೊಡೆಯನ್ನು ಉರುಳಿಸಲು ಮಾತ್ರವಲ್ಲ, ಮೇಲಕ್ಕೆ ಕೀಳಲೂ ಯತ್ನಿಸುತ್ತದೆ. ಕಂಬದ ತುದಿಗೆ ಎಂಟು ಕಚ್ಚುಗಳಿರುವ ಮರದ ಬಿಲ್ಲೆಯನ್ನು ಬಿಗಿದು, ಅಂಥದೇ ಇನ್ನೊಂದು ಬಿಲ್ಲೆ ಕಂಬದ ಮೇಲೆ ಜಾರುವಂತೆ ಮಾಡಬೇಕು. ಮೇಲಿನ ಬಿಲ್ಲೆಗೆ ಎಂಟು ಬಿದಿರ ದಬ್ಬೆಗಳು. ಅವುಗಳ ನಡುಮಧ್ಯದಿಂದ ಕೆಳಗಿನ ಬಿಲ್ಲೆಗೆ 70 ಸೆಂ.ಮೀ. ಉದ್ದದ ಎಂಟು ಆಸರೆಕಡ್ಡಿಗಳು. ಬಿದಿರನ್ನು ಎರಡು-ಮೂರು ವಾರ ನೀರಿನಲ್ಲಿ ನೆನೆಹಾಕಿ ಒಣಗಿಸಿದರೆ ಕುಟ್ಟೆಹುಳುವಿನ ಕಾಟ ಕಡಿಮೆ.

ಬಟ್ಟೆಯ ವಿಷಯದಲ್ಲಿ ಹಲವರು ಎಡವುವುದುಂಟು. ಕಂಬದ ನೆತ್ತಿಯಿಂದ ದಬ್ಬೆಯ ತುದಿಗೆ 130 ಸೆಂ.ಮೀ. ಇರಲೆನ್ನೋಣ. ನೆಲದ ಮೇಲೆ ಚಪ್ಪಟೆಯಾಗಿ ಅಷ್ಟಕೋನ ಬರೆದು ಕತ್ತರಿಸಿದರೆ ಪ್ರತಿ ತ್ರಿಕೋನದ ತಳ ಸುಮಾರು ಒಂದು ಮೀಟರ್ ಬರುತ್ತದೆ. ಆ ಬಟ್ಟೆ ಇಳಿಜಾರಿನ ಕೊಡೆಯ ಮೇಲೆ ಜೋಲುಬೀಳುತ್ತದೆ. ಅಂಚು ನೆತ್ತಿಗಿಂತ 45 ಸೆಂ.ಮೀ. ಕೆಳಗಿರಬೇಕಾದರೆ ತಳ 93 ಸೆಂ.ಮೀ. ಮಾತ್ರ ಇರಬೇಕು. ಹೊಲಿಗೆಗೆ ಎರಡೆರಡು ಸೆಂ.ಮೀ. ಬೇರೆ. ತ್ರಿಕೋನಗಳನ್ನು ಒಂದು ನೆಟ್ಟಗೆ, ಒಂದು ತಲೆಕೆಳಗಾಗಿ ಜೋಡಿಸಿ ಕತ್ತರಿಸಿದರೆ 137 ಸೆಂ.ಮೀ. ಪನ್ನದ ಕ್ಯಾನ್ವಾಸು ಐದು ಮೀಟರ್ ಸಾಕು. ನೆತ್ತಿಯಲ್ಲಿ ಒಂದು ಗೇಣಗಲ ಕಂಡಿ ಬಿಟ್ಟು, ಮೇಲೊಂದು ಚಿಕ್ಕ ಟೋಪಿ ಹೊಲಿದರೆ ಒಳಗೆ ಸಿಕ್ಕಿದ ಗಾಳಿಗೆ ದಾರಿಯಾಗುತ್ತದೆ. ಬಟ್ಟೆ ತೊಡಿಸಿ, ಜಾರುವ ಬಿಲ್ಲೆಯನ್ನು ಬಟ್ಟೆ ಬಿಗಿಯಾಗುವವರೆಗೆ ಮೇಲಕ್ಕೆ ತಳ್ಳಿ, ಅಲ್ಲಿಯೇ ಕಂಬಕ್ಕೆ ತೂತು ಕೊರೆದು ಮೊಳೆಯೊಂದನ್ನು ಸಿಕ್ಕಿಸುವುದು ಲೆಕ್ಕ ಹಾಕಿ ಕೊರೆಯುವುದಕ್ಕಿಂತ ಮೇಲು.

ಇಷ್ಟಾದರೂ ಈ ಬುಡ ತಡೆಯುವುದು ಸಾಧಾರಣ ಗಾಳಿಯನ್ನು ಮಾತ್ರ. ಗಂಟೆಗೆ 60 ಕಿ.ಮೀ. ಗಾಳಿಯ ಸೆಳೆತ 70 ಕಿಲೋ ಭಾರವನ್ನು ಮುಟ್ಟಬಲ್ಲುದು. ಮಳೆಗೆ ಮುಂಚಿನ ಬಿರುಗಾಳಿಗೆ ಅದೇನೂ ದೊಡ್ಡ ವೇಗವಲ್ಲ. ಮೊಳೆಗೆ ಒಂದು ದಾರ ಕಟ್ಟಿ ಕೈಗೆಟುಕುವಂತೆ ಇಳಿಬಿಟ್ಟಿದ್ದೇನೆ. ಪಡುವಣದಲ್ಲಿ ಧೂಳೆದ್ದುದು ಕಂಡೊಡನೆ ಅದನ್ನು ಎಳೆದರೆ ಕೊಡೆ ಮಡಿಚಿಕೊಳ್ಳುತ್ತದೆ. ಈಗ ಆ ಕೆಲಸವನ್ನು ಹೆಚ್ಚಾಗಿ ನೆರೆಮನೆಯ ಹುಡುಗನೇ ಮಾಡುತ್ತಾನೆ.