ಅಂಗವಿಕಲರಿಗೂ ಸ್ವಂತ ಸೂರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅಂಗವಿಕಲರಿರುವ ಕುಟುಂಬಕ್ಕೆ ಈ ಮಾತಿನ ಮೊದಲರ್ಧವೇ ಬೆಟ್ಟದಷ್ಟು ಭಾರ.

ನಮ್ಮ ಶಾಲೆಯಲ್ಲಿ ಕಲಿತ ದೃಷ್ಟಿಹೀನ ತರುಣರೊಬ್ಬರು ಸಂಗೀತ ಶಿಕ್ಷಕರಾಗಿ ಸಂಬಳ ಪಡೆಯುತ್ತಿದ್ದರು. ಗೃಹಸಾಲ ಕೇಳಲು ಹೋದಾಗ, “ಓದಲಾಗದ ಪತ್ರಕ್ಕೆ ರುಜು ಹಾಕುವುದೆಂತು? ಅಣ್ಣನ ಹೆಸರಿನಲ್ಲಿ ಪಡೆಯಿರಿ” ಎಂದರಂತೆ ಬ್ಯಾಂಕಿನವರು. ಕಂತು ಕಟ್ಟುವವನು ತಮ್ಮ, ಮನೆಯ ಒಡೆಯ ಅಣ್ಣ! ಅಣ್ಣನೇನೋ ಸಜ್ಜನರು, ಆದರೆ ಅವರ ಮಕ್ಕಳ ಕಾಲಕ್ಕೆ ಈ ತಮ್ಮನ ಗತಿಯೇನು?

ದೃಷ್ಟಿಹೀನರಿಗೆ ಸಾಲವೂ ಸೇರಿದಂತೆ ಯಾವ ಸೌಲಭ್ಯವನ್ನೂ ಭೇದವೆಣಿಸದೆ ನೀಡಬೇಕೆಂದು ರಿಸರ್ವ್ ಬ್ಯಾಂಕು 2008ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ಅದರ ಪ್ರತಿಯನ್ನು ಹಿಡಿದು ನಾವೂ ಜೊತೆಗೆ ಹೋದೆವು. ಸಾಲ ಅವರ ಹೆಸರಿನಲ್ಲಿಯೇ ಮಂಜೂರಾಯಿತು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 13ನೆಯ ಕಲಮು ಆಸ್ತಿ ಹೊಂದಲು, ಬ್ಯಾಂಕುಸಾಲ ಪಡೆಯಲು, ಅಡಮಾನವಿಡಲು ಎಲ್ಲರಿಗೆ ಸಮನಾದ ಹಕ್ಕನ್ನು ಕೊಟ್ಟಿದೆ. ಆದಾಯವನ್ನೂ ಜಾಗದ ದಾಖಲೆಗಳನ್ನೂ ಬ್ಯಾಂಕು ಪರಿಶೀಲಿಸುವುದು ನ್ಯಾಯವೇ. ವೈಕಲ್ಯವನ್ನೇ ನೆಪ ಮಾಡುವುದು ಅನ್ಯಾಯ. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆದು, ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಸಲ್ಲಿಸಬಹುದು. ವೈಕಲ್ಯ ಶೇಕಡಾ 40ಕ್ಕೆ ಕಡಮೆಯಿಲ್ಲವೆಂಬ ಪ್ರಮಾಣಪತ್ರವುಳ್ಳವರಿಗೆ ಸರಕಾರೀ ವಸತಿ ಯೋಜನೆಗಳಲ್ಲಿ ಶೇಕಡಾ 5ರ ಮೀಸಲಾತಿಯೂ ಉಂಟು. ಇದು ಕೇಂದ್ರದ ಕಾಯಿದೆ. ಕಾಸರಗೋಡಿರಲಿ, ತಾಳವಾಡಿಯಿರಲಿ, ಜತ್ತವಿರಲಿ, ಅರ್ಜಿಯ ಭಾಷೆ ಬೇರೆಯಾದೀತು, ಹಕ್ಕು ಬೇರೆಯಾಗದು.

ಬುದ್ಧಿಮಾಂದ್ಯವುಳ್ಳ ಮಕ್ಕಳ ತಂದೆತಾಯಿಗಳು ಇನ್ನೊಂದನ್ನು ಮರೆಯಬಾರದು. ಮಗುವಿಗೆ 18 ತುಂಬಿದೊಡನೆ ಹೆತ್ತವರ ಸಹಜ ಪೋಷಕತ್ವ ಮುಗಿಯುತ್ತದೆ. ಆ ಬಳಿಕ ಮಗುವಿನ ಹೆಸರಿನ ಜಾಗದ ಮೇಲೆ ಸಾಲ ಕೇಳಿದರೆ ಪೋಷಕತ್ವದ ಪ್ರಶ್ನೆ ಏಳುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಯು ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಬ್ಯಾಂಕಿಗಿಂತ ಮೊದಲು ಅಲ್ಲಿಗೆ ಹೋಗಬೇಕು.

ಕೊನೆಯದಾಗಿ, ಸಾಲದ ಅಂದಾಜುಪಟ್ಟಿಯಲ್ಲಿಯೇ ಗಾಲಿಕುರ್ಚಿಯ ದಾರಿಯೂ ಸೇರಿರಲಿ. ಒಂದು ಅಡಿ ಎತ್ತರದ ಜಗಲಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅಸ್ತಿಭಾರ ಹಾಕುವ ಮುನ್ನವೇ ಅದಕ್ಕೆ ಸ್ಥಳ ಬಿಡಬೇಕು. ಕಂತು ತೀರುವ ತನಕ ದುಡಿದು ಕಟ್ಟಿದ ಮನೆಯ ಹೊಸ್ತಿಲನ್ನು ಅದರ ಒಡೆಯನೇ ದಾಟಲಾರದಂತಾಗಬಾರದು.