ಟೆಂಡರಿಗೆ ವಿನಾಯಿತಿ ಉಂಟು, ಲೆಕ್ಕಕ್ಕೆ ಇಲ್ಲ

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಮುಧೋಳ, ಜಮಖಂಡಿ ಸೀಮೆಯ ರಸ್ತೆಗಳಲ್ಲಿ ಕಬ್ಬಿನ ಗಾಡಿಗಳ ಸಾಲು ಹಗಲಿರುಳೂ ನಿಂತಿರುತ್ತದೆ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುವುದರಿಂದ ರೈತನಿಗೆ ಅವಸರ. ಆದರೆ ಎಂಥ ಅವಸರದಲ್ಲಿಯೂ ತೂಕದ ಚೀಟಿಯನ್ನು ಪಡೆಯದೆ ಆತ ಕಾರ್ಖಾನೆಯಿಂದ ಹೊರಡುವುದಿಲ್ಲ. ರಬಕವಿ-ಬನಹಟ್ಟಿಯ ನೇಕಾರನು ನೂಲನ್ನು ಉದ್ದರಿ ತಂದರೂ ಅದು ವಹಿಯಲ್ಲಿ ಬರೆಯಲ್ಪಡಲೇಬೇಕು. ಆಲಮಟ್ಟಿಯ ಹಿನ್ನೀರಿಗೆ ಹೊಲಮನೆಗಳನ್ನು ಬಿಟ್ಟುಕೊಟ್ಟ ಬೀಳಗಿಯ ಕುಟುಂಬಗಳಿಗೆ ಪರಿಹಾರದ ಕಾಗದಪತ್ರದ ಬೆಲೆ ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವಸರ ಬೇರೆ, ಲೆಕ್ಕ ಬೇರೆ ಎಂಬ ಈ ವಿವೇಕವನ್ನು ಇಂದು ನೆನೆಯಲು ಕಾರಣವಿದೆ. ಕೊರೋನಾ ಮಹಾಮಾರಿಯ ದಿನಗಳಲ್ಲಿ ಸರ್ಕಾರವು ಟೆಂಡರು ಕರೆಯದೆ ಕೊಂಡ ವೈದ್ಯಕೀಯ ಸಾಮಗ್ರಿಗಳ ಲೆಕ್ಕವು ನಾಲ್ಕು ವರ್ಷಗಳ ಅನಂತರವೂ ವಿಚಾರಣೆಯ ವಿಷಯವಾಯಿತು.

ಆ ದಿನಗಳನ್ನು ನಾವಾರೂ ಮರೆತಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಮಗ್ಗಗಳ ಸದ್ದು ಅಡಗಿತು. ಏಪ್ರಿಲ್ ಮೊದಲ ವಾರದಲ್ಲಿ ಬಾಗಲಕೋಟೆಯ ವೃದ್ಧರೊಬ್ಬರು ಸೋಂಕಿನಿಂದ ತೀರಿಕೊಂಡರು; ಮುಧೋಳ, ಜಮಖಂಡಿಗಳಲ್ಲಿಯೂ ಸೋಂಕು ಕಾಣಿಸಿತು. ದೇವಾಲಯಗಳ ಬಾಗಿಲು ಮುಚ್ಚಿ, ಪವಿತ್ರ ವಾರವನ್ನು ನಾವು ಮನೆಗಳಲ್ಲಿಯೇ ಆಚರಿಸಿದೆವು. ಈ ನಾಲ್ಕು ತಾಲ್ಲೂಕುಗಳಲ್ಲಿ ಕಥೋಲಿಕರ ಸಂಖ್ಯೆ ಅತ್ಯಲ್ಪ. ಆದರೆ ದೇಶದ ಆಸ್ಪತ್ರೆಗಳಲ್ಲಿ ದಾದಿಯರಾಗಿ ದುಡಿಯುವ ಕನ್ಯಾಸ್ತ್ರೀಯರೂ ಕ್ರೈಸ್ತ ಹೆಣ್ಣುಮಕ್ಕಳೂ ಅನೇಕ. ರೋಗಿಗೂ ಅವರಿಗೂ ನಡುವೆ ಇದ್ದದ್ದು ಮುಖಗವಸು, ಕೈಗವಸು ಮತ್ತು ಪಿಪಿಇ ಕಿಟ್ ಎಂಬ ಆ ನಿಲುವಂಗಿ ಮಾತ್ರ. ಆದುದರಿಂದ ಅದನ್ನು ಯಾರಿಂದ, ಯಾವ ಬೆಲೆಗೆ, ಯಾವ ಗುಣಮಟ್ಟ ನೋಡಿ ಕೊಂಡರು ಎಂಬ ಪ್ರಶ್ನೆ ನಮಗೆ ಹೊರಗಿನದಲ್ಲ.

ಸರ್ಕಾರಿ ಖರೀದಿಗೆ ನಮ್ಮ ರಾಜ್ಯದಲ್ಲಿ ಒಂದು ಕಟ್ಟುಪಾಡು ಇದೆ. ಅದು 'ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999'. ಬೇಕಾದ ವಸ್ತುವನ್ನು ಬಹಿರಂಗವಾಗಿ ಪ್ರಕಟಿಸಿ, ಮಾರುವವರೆಲ್ಲರಿಂದ ದರ ಕರೆದು, ಯೋಗ್ಯನಾದವನಿಂದ ಕೊಳ್ಳಬೇಕೆಂಬುದು ಅದರ ಸಾರ. 2000ದ ನಿಯಮಗಳು 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ 30 ದಿನ, ಅದಕ್ಕೆ ಮೇಲ್ಪಟ್ಟುದಕ್ಕೆ 60 ದಿನಗಳ ಕಾಲಾವಕಾಶವನ್ನು ವಿಧಿಸಿದ್ದವು. ಆದರೆ ಉಸಿರು ಕಟ್ಟುತ್ತಿರುವ ರೋಗಿ 60 ದಿನ ಕಾಯಲಾರ. ಇದನ್ನು ಬಲ್ಲ ಶಾಸನಕರ್ತರು 4ನೆಯ ಪ್ರಕರಣದಲ್ಲಿ, ನೈಸರ್ಗಿಕ ವಿಕೋಪ ಅಥವಾ ಸರ್ಕಾರ ಘೋಷಿಸಿದ ತುರ್ತುಸ್ಥಿತಿಯ ಅವಧಿಯಲ್ಲಿ ಟೆಂಡರಿನಿಂದ ವಿನಾಯಿತಿ ಕೊಟ್ಟಿದ್ದಾರೆ.

ಈ ವಿನಾಯಿತಿಯನ್ನೇ ದೂಷಿಸುವುದು ನ್ಯಾಯವಲ್ಲ. 2021ರ ಮೇ 2ರ ರಾತ್ರಿಯಿಂದ ಮರುದಿನದೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ಅಸುನೀಗಿದರು. ಆಮ್ಲಜನಕದ ಕೊರತೆಯ ಆ ರಾತ್ರಿ ಇಡೀ ನಾಡನ್ನು ನಡುಗಿಸಿತು. ತಡವಾಗಿ ಬಂದ ಔಷಧ ಎಷ್ಟು ಅಗ್ಗವಾಗಿದ್ದರೇನು? ಅಂಥ ಹೊತ್ತಿನಲ್ಲಿ ಬೇಗನೆ ಕೊಳ್ಳುವ ಧೈರ್ಯ ತೋರಿದ ಪ್ರಾಮಾಣಿಕ ಅಧಿಕಾರಿಗೆ ನಾವು ಕೃತಜ್ಞರಾಗಿರಬೇಕು. ಅಂಥವನ ರಕ್ಷಣೆಗಾದರೂ ಲೆಕ್ಕ ಸ್ಪಷ್ಟವಾಗಿರಬೇಕು. ಇಲ್ಲವಾದರೆ ಕಳ್ಳನ ಮೇಲಣ ಸಂದೇಹ ಸಾಧುವಿನ ಮೇಲೂ ಬೀಳುತ್ತದೆ.

ಆದದ್ದೂ ಹಾಗೆಯೇ. 2020ರಲ್ಲಿ ಗದುಗಿನ ಶಾಸಕ ಎಚ್.ಕೆ. ಪಾಟೀಲರ ಅಧ್ಯಕ್ಷತೆಯ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ಈ ಖರೀದಿಗಳನ್ನು ಕೈಗೆತ್ತಿಕೊಂಡಿತು. ಸಮಿತಿಯ ಸ್ಥಳ ಪರಿಶೀಲನೆಗೆ ಸೋಂಕಿನ ಕಾರಣ ಹೇಳಿ ಸಭಾಧ್ಯಕ್ಷರು ತಡೆಯೊಡ್ಡಿದರು. ಅದೇ ಜುಲೈಯಲ್ಲಿ ವಿರೋಧ ಪಕ್ಷವು 'ಲೆಕ್ಕ ಕೊಡಿ' ಎಂದು ಕೇಳಿ 2,000 ಕೋಟಿ ರೂಪಾಯಿಗಳ ಅಕ್ರಮದ ಆರೋಪ ಹೊರಿಸಿತು, ಸರ್ಕಾರ ನಿರಾಕರಿಸಿತು. ಸರ್ಕಾರ ಬದಲಾದ ಮೇಲೆ, 2023ರ ಆಗಸ್ಟಿನಲ್ಲಿ, ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಡಿ'ಕುನ್ಹಾ ಅವರ ಆಯೋಗ ನೇಮಕವಾಯಿತು. ಮಂಗಳೂರಿನವರಾದ ಇವರು 2014ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ಜಯಲಲಿತಾ ಅವರ ಆಸ್ತಿ ಪ್ರಕರಣದ ತೀರ್ಪಿತ್ತವರು. 2024ರ ಆಗಸ್ಟ್ 31ರಂದು ಅವರು ಮಧ್ಯಂತರ ವರದಿಯನ್ನು ಸಲ್ಲಿಸಿದರು. ಚೀನಾದ ಕಂಪನಿಗಳಿಂದ 3 ಲಕ್ಷ ಕಿಟ್‌ಗಳನ್ನು ತಲಾ 2,000 ರೂಪಾಯಿಗೂ ಹೆಚ್ಚಿನ ಬೆಲೆಗೆ, ಟೆಂಡರಿಲ್ಲದೆ ಕೊಂಡದ್ದು ಅದರ ಮುಖ್ಯ ಆಕ್ಷೇಪಗಳಲ್ಲೊಂದೆಂದು ವರದಿಯಾಯಿತು. ಮುಂದಿನ ಅಕ್ಟೋಬರಿನಲ್ಲಿ ಸಚಿವ ಸಂಪುಟವು ವಿಶೇಷ ತನಿಖೆಗೆ ನಿರ್ಧರಿಸಿತು. ಇದೆಲ್ಲ ರಾಜಕೀಯ ದ್ವೇಷವೆಂಬುದು ಆರೋಪ ಹೊತ್ತವರ ಪಕ್ಷದ ವಾದ. ತಪ್ಪು ಯಾರದೆಂದು ಹೇಳುವುದು ನ್ಯಾಯಾಲಯದ ಕೆಲಸ. ಆ ಅಧಿಕಾರವನ್ನು ನಾವು ವಹಿಸಿಕೊಳ್ಳಲಾರೆವು.

ಈ ಪ್ರಶ್ನೆ ಒಂದು ಪಕ್ಷಕ್ಕೆ, ಒಂದು ರಾಜ್ಯಕ್ಕೆ ಸೀಮಿತವೂ ಅಲ್ಲ. ನೆರೆಯ ಕೇರಳದಲ್ಲಿ ಒಂದು ಕಿಟ್ಟಿಗೆ 1,550 ರೂಪಾಯಿವರೆಗೆ ತೆತ್ತು 10.23 ಕೋಟಿ ರೂಪಾಯಿಗಳ ಅಧಿಕ ವೆಚ್ಚ ಮಾಡಲಾಯಿತೆಂದು 2025ರ ಜನವರಿಯಲ್ಲಿ ಮಂಡನೆಯಾದ ಮಹಾಲೇಖಪಾಲರ ವರದಿ ಹೇಳಿತು. ಅಲ್ಲಿನ ಸರ್ಕಾರವೂ ತುರ್ತಿನ ಕಾರಣವನ್ನೇ ಮುಂದಿಟ್ಟಿತು. ಬ್ರಿಟನ್ನಿನಲ್ಲಿ 2020ರ ಜುಲೈ ಅಂತ್ಯದವರೆಗೆ ಆದ 1,800 ಕೋಟಿ ಪೌಂಡುಗಳ ಗುತ್ತಿಗೆಗಳಲ್ಲಿ 1,050 ಕೋಟಿಯಷ್ಟು ಸ್ಪರ್ಧೆಯಿಲ್ಲದೆ ಹೋಯಿತು. ಮಂತ್ರಿಗಳೂ ಸಂಸದರೂ ಶಿಫಾರಸು ಮಾಡಿದವರಿಗಾಗಿ ಅಲ್ಲಿ ಪ್ರತ್ಯೇಕ ಆದ್ಯತೆಯ ಸಾಲೊಂದಿತ್ತು. ಅದು ಕಾನೂನುಬಾಹಿರವೆಂದು 2022ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟು ತೀರ್ಮಾನಿಸಿತು.

ಇನ್ನು, ಕೊಂಡಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ. 2020ರ ಮೇ ತಿಂಗಳಲ್ಲಿ ಪಿಎಂ ಕೇರ್ಸ್ ನಿಧಿಯಿಂದ 50,000 ವೆಂಟಿಲೇಟರುಗಳಿಗೆ 2,000 ಕೋಟಿ ರೂಪಾಯಿಗಳನ್ನು ತೆಗೆದಿರಿಸಲಾಯಿತು. ಮರುವರ್ಷ, ಕೆಲವು ರಾಜ್ಯಗಳಲ್ಲಿ ಯಂತ್ರಗಳು ಬಳಕೆಯಾಗದೆ ಬಿದ್ದಿವೆಯೆಂಬ ವರದಿಗಳು ಬಂದಾಗ ಅವುಗಳ ಸ್ಥಾಪನೆ ಮತ್ತು ಬಳಕೆಯ ಲೆಕ್ಕ ಪರಿಶೋಧನೆಗೆ ಪ್ರಧಾನಿಯವರೇ ಆದೇಶಿಸಬೇಕಾಯಿತು. ನಡೆಸಬಲ್ಲ ತಜ್ಞರಿಲ್ಲದ, ದುರಸ್ತಿಯ ಕರಾರಿಲ್ಲದ ಯಂತ್ರ ರೋಗಿಯ ಪಾಲಿಗೆ ಬರಿಯ ಪೆಟ್ಟಿಗೆ.

ಸಂತ ಪೌಲರಿಗೂ ಇಂಥದೇ ಹೊಣೆಯೊಂದು ಒದಗಿತ್ತು. ಜೆರುಸಲೇಮಿನ ಬಡವರಿಗಾಗಿ ಅವರು ಧರ್ಮಸಭೆಗಳಿಂದ ಹಣ ಕೂಡಿಸಿದರು. ಅವರನ್ನು ಸಂದೇಹಿಸುವ ಧೈರ್ಯ ಯಾರಿಗಿತ್ತು? ಆದರೂ ಆ ಹಣದ ಜೊತೆಯಲ್ಲಿ ತೀತನನ್ನೂ ಸಭೆಗಳು ಆರಿಸಿದ ಸಹೋದರನನ್ನೂ ಅವರು ನಿಯೋಜಿಸಿದರು. ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ತಾವು ನಿಷ್ಕಳಂಕರಾಗಿ ಕಾಣಬೇಕೆಂಬುದು ಅವರ ಕಳಕಳಿ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯವನ್ನು ಈ ವಾರ ಮನೆಮಂದಿಯೆಲ್ಲ ಕೂಡಿ ಓದುವುದು ಒಳಿತು. ಪರರ ಸಂಕಟವನ್ನು ಬಳಸಿಕೊಂಡು ಬೆಲೆ ಏರಿಸುವುದು ಏಳನೆಯ ಕಟ್ಟಳೆಯ ಉಲ್ಲಂಘನೆಯೆಂದು ಧರ್ಮಸಭೆಯ ಧರ್ಮೋಪದೇಶವೂ ಸ್ಪಷ್ಟಪಡಿಸುತ್ತದೆ.

ಹಾಗಾದರೆ ನಾವು ಮಾಡಬೇಕಾದದ್ದೇನು? 2005ರ ಮಾಹಿತಿ ಹಕ್ಕು ಅಧಿನಿಯಮದಂತೆ 10 ರೂಪಾಯಿ ಶುಲ್ಕ ಕಟ್ಟಿ ಯಾವ ನಾಗರಿಕನೂ ಅರ್ಜಿ ಹಾಕಬಹುದು; 30 ದಿನಗಳೊಳಗೆ ಉತ್ತರ ಬರಬೇಕು; ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ನಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ತುರ್ತಿನಲ್ಲಿ ಬಂದ ಯಂತ್ರಗಳಾವುವು, ಬೆಲೆಯೆಷ್ಟು, ಈಗ ಎಲ್ಲಿವೆ, ನಡೆಯುತ್ತಿವೆಯೇ, ನಡೆಸುವವರು ಇದ್ದಾರೆಯೇ ಎಂಬ ಐದು ಪ್ರಶ್ನೆಗಳನ್ನು ವಿನಯದಿಂದ ಕೇಳಿದರೆ ಸಾಕು. ಇದು ಯಾರ ಮೇಲಣ ಹಗೆಯೂ ಅಲ್ಲ. ನೆರೆಯವನ ಪ್ರಾಣದ ಮೇಲಣ ಪ್ರೀತಿ.

ಕೇಳುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ವಿಧಿಸಿದೆ. ಹಬ್ಬದ ಚಪ್ಪರಕ್ಕೆ, ನೆರೆ ಸಂತ್ರಸ್ತರ ಪರಿಹಾರಕ್ಕೆ ಅವಸರದಲ್ಲಿ ಮಾಡಿದ ಖರ್ಚನ್ನು ನಾವು ಸಭೆಯ ಮುಂದೆ ಓದಿ ಹೇಳುತ್ತೇವೆಯೇ? "ನಮ್ಮವರೇ ಅಲ್ಲವೇ, ಬಿಡಿ" ಎಂಬ ಮಾತು ನಮ್ಮ ಬಾಯಲ್ಲಿ ಬಂದರೆ, ವಿಧಾನಸೌಧಕ್ಕೆ ಬೆರಳು ತೋರುವ ನೈತಿಕ ಬಲ ನಮಗೆಲ್ಲಿಯದು?

ಮಹಾಮಾರಿಯಲ್ಲಿ ಅಗಲಿದವರ ಆತ್ಮಶಾಂತಿಗಾಗಿ ನಾವು ಇಂದಿಗೂ ಬಲಿಪೂಜೆ ಅರ್ಪಿಸುತ್ತೇವೆ. ಅವರ ಹೆಸರಿನಲ್ಲಿ ವೆಚ್ಚವಾದ ಹಣದ ಲೆಕ್ಕವನ್ನು ಕೇಳುವುದೂ, ಕೇಳಿದಾಗ ತೆರೆದ ಮನಸ್ಸಿನಿಂದ ಕೊಡುವುದೂ ಅವರಿಗೆ ಸಲ್ಲಬೇಕಾದ ಋಣವೇ. ಮುಂದಿನ ವಿಪತ್ತು ಬಂದಾಗ ನಮ್ಮನ್ನಾಳುವವರಿಗೆ ಬೇಗನೆ ಕೊಳ್ಳುವ ಧೈರ್ಯವನ್ನೂ, ಚೀಟಿಯನ್ನು ಜೋಪಾನವಾಗಿಡುವ ಪ್ರಾಮಾಣಿಕತೆಯನ್ನೂ ಪ್ರಭು ದಯಪಾಲಿಸಲಿ ಎಂದು ಪ್ರಾರ್ಥಿಸೋಣ.